ವಯಸ್ಕರ ಸಾಮಾಜಿಕ ಆರೈಕೆಯಲ್ಲಿ ದೂರು ವ್ಯವಸ್ಥೆ: ಇಂಗ್ಲೆಂಡ್

ಮುಪ್ಪು, ಅಂಗವೈಕಲ್ಯ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ, ಮರೆವಿನ ರೋಗ ಮುಂತಾದ ಕಾರಣಗಳಿಂದ ದಿನನಿತ್ಯದ ಬದುಕಿಗೆ ಬೇರೆಯವರನ್ನು ನೆಚ್ಚಿಕೊಳ್ಳಬೇಕಾದ ವಯಸ್ಕರು ತಮಗೆ ಸಿಗುವ ಅಥವಾ ಸಿಗದೆ ಹೋದ ನೆರವಿನ ಬಗ್ಗೆ ಅಹವಾಲು ಹೇಳಿಕೊಳ್ಳಲು ಇಂಗ್ಲೆಂಡಿನ ಕಾನೂನು ಮಾಡಿಕೊಟ್ಟಿರುವ ಏರ್ಪಾಡು. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಊಟ ಮಾಡಿಸುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಕೇರ್ ಹೋಮಿನಲ್ಲಿ ಇರಿಸಿಕೊಂಡು ನೋಡಿಕೊಳ್ಳುವುದು ಇವೆಲ್ಲ ಅಲ್ಲಿ ಸಾಮಾಜಿಕ ಆರೈಕೆಯ ಲೆಕ್ಕಕ್ಕೆ ಬರುತ್ತವೆ. ಆಸ್ಪತ್ರೆ ಮತ್ತು ವೈದ್ಯರ ಸೇವೆ ರಾಷ್ಟ್ರೀಯ ಆರೋಗ್ಯ ಸೇವೆಯಿಂದ, ಅಂದರೆ ಎನ್‌ಎಚ್‌ಎಸ್‌ನಿಂದ, ಉಚಿತವಾಗಿ ಸಿಗುತ್ತದೆ. ಸಾಮಾಜಿಕ ಆರೈಕೆ ಹಾಗಲ್ಲ. ಅದರ ಹೊಣೆ ಸ್ಥಳೀಯ ಕೌನ್ಸಿಲ್‌ಗಳದು, ಅವು ಆದಾಯ ಮತ್ತು ಆಸ್ತಿ ನೋಡಿ ನೆರವು ಕೊಡುತ್ತವೆ. 23,250 ಪೌಂಡಿಗಿಂತ ಹೆಚ್ಚು ಆಸ್ತಿ ಉಳ್ಳವರು ಸಾಮಾನ್ಯವಾಗಿ ಪೂರ್ತಿ ಖರ್ಚನ್ನು ತಾವೇ ಭರಿಸಬೇಕು. ಈ ಮಿತಿ ನಿಗದಿಯಾದದ್ದು 2010ರಲ್ಲಿ. ಕೇರ್ ಹೋಮ್‌ಗಳಲ್ಲಿ ಬಹುಪಾಲು ಖಾಸಗಿ ಕಂಪನಿಗಳ ಕೈಯಲ್ಲಿವೆ. ಹೀಗಾಗಿ ಒಬ್ಬ ವೃದ್ಧೆಯ ಆರೈಕೆಯಲ್ಲಿ ಕೌನ್ಸಿಲ್, ಕಂಪನಿ, ಎನ್‌ಎಚ್‌ಎಸ್ ಮೂರೂ ಸೇರಿಕೊಂಡಿರುತ್ತವೆ. ತಪ್ಪು ನಡೆದಾಗ ಯಾರ ಬಾಗಿಲು ತಟ್ಟಬೇಕೆಂದು ತಿಳಿಯದಿರುವುದೇ ದೂರುದಾರರ ಮೊದಲ ತೊಡಕು.

ಎರಡನೆಯ ತೊಡಕು ಇನ್ನೂ ಆಳದ್ದು. ಬ್ಯಾಂಕಿನ ಮೇಲೆ ದೂರು ಕೊಟ್ಟವನು ಖಾತೆ ಮುಚ್ಚಿ ಪಕ್ಕದ ಬ್ಯಾಂಕಿಗೆ ಹೋಗಬಹುದು. ಕೇರ್ ಹೋಮಿನಲ್ಲಿರುವ ಮುದುಕಿ ಬೆಳಿಗ್ಗೆ ಯಾರ ಮೇಲೆ ದೂರು ಹೇಳಿದಳೋ ರಾತ್ರಿ ಅದೇ ವ್ಯಕ್ತಿಯೇ ಅವಳನ್ನು ಎತ್ತಿ ಮಲಗಿಸಬೇಕು. ಕೆಲವರಿಗೆ ಬರೆಯಲು ಆಗುವುದಿಲ್ಲ, ಕೆಲವರಿಗೆ ಮಾತು ಬರುವುದಿಲ್ಲ, ಕೆಲವರಿಗೆ ನಿನ್ನೆ ಆದದ್ದು ಇಂದು ನೆನಪಿರುವುದಿಲ್ಲ. ಕಾಗದದ ಮೇಲೆ ಎಷ್ಟೇ ಸೊಗಸಾಗಿದ್ದರೂ ಈ ಜನರಿಗೆ ಎಟುಕದ ದೂರು ವ್ಯವಸ್ಥೆ ಇದ್ದೂ ಇಲ್ಲದಂತೆ. ಇಂಗ್ಲೆಂಡಿನ ಕಳೆದ ಆರು ದಶಕಗಳ ಅನುಭವವನ್ನು ಈ ಅಳತೆಗೋಲಿನಿಂದಲೇ ನೋಡಬೇಕು.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ, 1948ರ ನ್ಯಾಷನಲ್ ಅಸಿಸ್ಟೆನ್ಸ್ ಕಾಯಿದೆ ಹಳೆಯ ದರಿದ್ರ ಪಾಲನಾ ಕಾನೂನನ್ನು ತೆಗೆದುಹಾಕಿ, ಆಸರೆ ಇಲ್ಲದ ವೃದ್ಧರಿಗೂ ಅಂಗವಿಕಲರಿಗೂ ವಸತಿ ಒದಗಿಸುವ ಕರ್ತವ್ಯವನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. ವಸತಿಯೇನೋ ಸಿಕ್ಕಿತು. ಆದರೆ ಅಲ್ಲಿ ನಡೆಯುವುದನ್ನು ಪ್ರಶ್ನಿಸುವ ದಾರಿಯ ಬಗ್ಗೆ ಯಾರೂ ಹೆಚ್ಚು ಯೋಚಿಸಲಿಲ್ಲ.

ಮೊದಲ ಸದ್ದು ಎದ್ದದ್ದು ಆಸ್ಪತ್ರೆಗಳ ದೀರ್ಘಾವಧಿ ವಾರ್ಡುಗಳಿಂದ. 1965ರಲ್ಲಿ ಮನೋಚಿಕಿತ್ಸಕಿ ಬಾರ್ಬರಾ ರಾಬ್, ಉತ್ತರ ಲಂಡನ್ನಿನ ಫ್ರಯರ್ನ್ ಆಸ್ಪತ್ರೆಯಲ್ಲಿದ್ದ ಪರಿಚಯದ ವೃದ್ಧೆಯೊಬ್ಬರನ್ನು ನೋಡಲು ಹೋದರು. ಅಲ್ಲಿನ ಮುದುಕಿಯರ ಕನ್ನಡಕ, ಹಲ್ಲಿನ ಸೆಟ್ಟು, ಶ್ರವಣಯಂತ್ರಗಳನ್ನು ಕಿತ್ತುಕೊಳ್ಳಲಾಗಿತ್ತು. ನೋಡಲು, ಅಗಿಯಲು, ಕೇಳಲು ಆಗದವರನ್ನು ಬುದ್ಧಿ ಕೆಟ್ಟವರೆಂದು ಬಗೆಯುವುದು ಎಷ್ಟು ಸುಲಭ ಎಂಬುದನ್ನು ಅವರು ಕಣ್ಣಾರೆ ಕಂಡರು. ಗೆಳೆಯರ ಜೊತೆ ಸೇರಿ ಏಜಿಸ್ ಎಂಬ ಸಂಘಟನೆ ಕಟ್ಟಿದರು. ದಾದಿಯರ ಮತ್ತು ಸಮಾಜ ಕಾರ್ಯಕರ್ತರ ಹೇಳಿಕೆಗಳನ್ನು ಕೂಡಿಸಿ 1967ರಲ್ಲಿ ‘ಸಾನ್ಸ್ ಎವ್ರಿಥಿಂಗ್’ ಎಂಬ ಪುಸ್ತಕ ಹೊರತಂದರು. ಸರ್ಕಾರ ವಿಚಾರಣೆ ನಡೆಸಿತು. ಆದರೆ 1968ರ ಶ್ವೇತಪತ್ರ ಆರೋಪಗಳಲ್ಲಿ ಹೆಚ್ಚಿನವಕ್ಕೆ ಆಧಾರವಿಲ್ಲವೆಂದು ತಳ್ಳಿಹಾಕಿತು.

ಅದೇ ಹೊತ್ತಿಗೆ ಕಾರ್ಡಿಫ್‌ನ ಎಲಿ ಆಸ್ಪತ್ರೆಯ ಬಗ್ಗೆ ಅಲ್ಲಿನ ಸಹಾಯಕ ನೌಕರನೊಬ್ಬ ಪತ್ರಿಕೆಗೆ ತಿಳಿಸಿದ್ದ ಸಂಗತಿಗಳ ತನಿಖೆಗೆ ವಕೀಲ ಜೆಫ್ರಿ ಹೌ ನೇಮಕಗೊಂಡರು. ಮುಂದೆ ಬ್ರಿಟನ್ನಿನ ಹಣಕಾಸು ಮಂತ್ರಿಯೂ ವಿದೇಶಾಂಗ ಮಂತ್ರಿಯೂ ಆದವರು ಇವರೇ. ಅವರ ವರದಿ ದೂರುಗಳ ಬಹುಭಾಗವನ್ನು ನಿಜವೆಂದಿತು. ದೂರು ಹೇಳಿದ ಸಿಬ್ಬಂದಿಯನ್ನು ಆಡಳಿತ ಹೇಗೆ ಮೂಲೆಗೊತ್ತುತ್ತದೆ ಎಂಬುದನ್ನೂ ಬಿಡಿಸಿ ಹೇಳಿತು. ವರದಿಯನ್ನು ಮೊಟಕುಗೊಳಿಸಬೇಕೆಂಬ ಒತ್ತಡವಿದ್ದರೂ ಮಂತ್ರಿ ರಿಚರ್ಡ್ ಕ್ರಾಸ್‌ಮನ್ 1969ರಲ್ಲಿ ಅದನ್ನು ಪೂರ್ತಿಯಾಗಿ ಪ್ರಕಟಿಸಿದರು. ನಂತರದ ಸುಧಾರಣೆಗಳಿಗೆಲ್ಲ ನಾಂದಿಯಾದದ್ದು ಈ ಒಂದು ದಿಟ್ಟ ತೀರ್ಮಾನ.

1970ರ ಕಾಯಿದೆಯಂತೆ ಮರುವರ್ಷ ಕೌನ್ಸಿಲ್‌ಗಳಲ್ಲಿ ಸಮಾಜಸೇವಾ ಇಲಾಖೆಗಳು ಹುಟ್ಟಿಕೊಂಡವು. 1974ರಲ್ಲಿ ಸ್ಥಳೀಯ ಆಡಳಿತಕ್ಕೆಂದೇ ಒಂಬುಡ್ಸ್‌ಮನ್ ಹುದ್ದೆ ಬಂತು. ಕರ್ನಾಟಕದ ಓದುಗರಿಗೆ ಇದರ ಹತ್ತಿರದ ನೆಂಟ ಲೋಕಾಯುಕ್ತ, ಎರಡರ ಮೂಲ ಕಲ್ಪನೆಯೂ ಸ್ವೀಡನ್ನಿನ 1809ರ ಏರ್ಪಾಡಿಗೆ ಹೋಗಿ ಮುಟ್ಟುತ್ತದೆ. ಆದರೆ ಇಂಗ್ಲೆಂಡಿನ ಸ್ಥಳೀಯ ಒಂಬುಡ್ಸ್‌ಮನ್‌ಗೆ ಪೊಲೀಸ್ ವಿಭಾಗವಿಲ್ಲ, ಲಂಚದ ದಾಳಿ ಅವರ ಕೆಲಸವಲ್ಲ. ಆಡಳಿತದ ಲೋಪದಿಂದ ಒಬ್ಬ ಪ್ರಜೆಗೆ ಅನ್ಯಾಯವಾಯಿತೇ ಎಂಬುದಷ್ಟೇ ಅವರ ಪ್ರಶ್ನೆ. 1988ರವರೆಗೆ ಅವರನ್ನು ನೇರವಾಗಿ ಕಾಣುವಂತೆಯೂ ಇರಲಿಲ್ಲ. ಸಾಮಾನ್ಯವಾಗಿ ಚುನಾಯಿತ ಕೌನ್ಸಿಲ್ ಸದಸ್ಯರೊಬ್ಬರ ಮೂಲಕ ಅರ್ಜಿ ಹೋಗಬೇಕಿತ್ತು.

ಮೂರು ಹಂತಗಳ ಕಾಲ

ಸಾಮಾಜಿಕ ಆರೈಕೆಯ ಬಗ್ಗೆ ದೂರು ಕೇಳುವುದು ಕೌನ್ಸಿಲ್‌ನ ಕಾನೂನುಬದ್ಧ ಕರ್ತವ್ಯವಾದದ್ದು 1990ರ ಎನ್‌ಎಚ್‌ಎಸ್ ಮತ್ತು ಸಮುದಾಯ ಆರೈಕೆ ಕಾಯಿದೆಯಿಂದ. ದೊಡ್ಡ ಆಸ್ಪತ್ರೆಗಳ ವಾರ್ಡುಗಳಿಂದ ಜನರನ್ನು ಹೊರತಂದು, ಆದಷ್ಟೂ ಮನೆಯಲ್ಲೇ ನೋಡಿಕೊಳ್ಳಬೇಕೆಂಬ ನೀತಿಯ ಭಾಗವಾಗಿ ಬಂದ ಕಾಯಿದೆ ಇದು. ದೂರಿನ ಭಾಗ 1991ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮೊದಲು ಸ್ಥಳದಲ್ಲೇ ಮಾತಾಡಿ ಬಗೆಹರಿಸಬೇಕು. ಆಗದಿದ್ದರೆ ಔಪಚಾರಿಕ ತನಿಖೆ, ಅದಕ್ಕೆ 28 ದಿನ, ಹೆಚ್ಚೆಂದರೆ ಮೂರು ತಿಂಗಳು. ಅದರಲ್ಲೂ ತೃಪ್ತಿಯಾಗದಿದ್ದರೆ ಮೂವರ ಪರಿಶೀಲನಾ ಸಮಿತಿ. ಸಮಿತಿಯ ಅಧ್ಯಕ್ಷರು ಕೌನ್ಸಿಲ್‌ಗೆ ಸೇರದವರಾಗಿರಬೇಕಿತ್ತು.

ಸಮಿತಿಯ ಮಾತು ಬರೀ ಶಿಫಾರಸು ಎಂದು ಕೌನ್ಸಿಲ್‌ಗಳು ತಿಳಿದಿದ್ದವು. ಆ ತಿಳಿವಳಿಕೆಗೆ ಪೆಟ್ಟು ಕೊಟ್ಟದ್ದು ಏವನ್ ಕೌಂಟಿಯ ಪ್ರಕರಣ. ಡೌನ್ ಸಿಂಡ್ರೋಮ್ ಇದ್ದ 22 ವರ್ಷದ ಯುವಕನೊಬ್ಬ ತಾನು ಇಂಥದ್ದೇ ವಸತಿಗೆ ಹೋಗಬೇಕೆಂದು ಹಟ ಹಿಡಿದಿದ್ದ. ಅದಕ್ಕೆ ಖರ್ಚು ಜಾಸ್ತಿ, ಬೇರೆಡೆಯೂ ಅವನ ಅಗತ್ಯ ಪೂರೈಸುತ್ತದೆ ಎಂದು ಕೌನ್ಸಿಲ್ ಒಪ್ಪಲಿಲ್ಲ. ಪರಿಶೀಲನಾ ಸಮಿತಿ ತಜ್ಞರ ಮಾತು ಕೇಳಿ ಯುವಕನ ಪರವಾಗಿ ನಿಂತಿತು. ಆ ಹಂಬಲ ಅವನ ಸ್ಥಿತಿಯ ಭಾಗವೇ ಆಗಿದ್ದು, ಅದು ಬರೀ ಇಷ್ಟವಲ್ಲ, ಮಾನಸಿಕ ಅಗತ್ಯ ಎಂಬುದು ಅದರ ನಿಲುವು. ಕೌನ್ಸಿಲ್ ಮತ್ತೆ ತಳ್ಳಿಹಾಕಿದಾಗ ಪ್ರಕರಣ ಹೈಕೋರ್ಟಿಗೆ ಹೋಯಿತು. ಸಾಕ್ಷ್ಯವನ್ನು ತೂಗಿ ನೋಡಿದ ಸಮಿತಿಯ ಶಿಫಾರಸನ್ನು ಬಲವಾದ ಕಾರಣವಿಲ್ಲದೆ ಬದಿಗೊತ್ತುವಂತಿಲ್ಲ ಎಂದು ನ್ಯಾಯಾಲಯ 1990ರ ದಶಕದ ಮೊದಲ ಭಾಗದಲ್ಲಿ ತೀರ್ಪಿತ್ತಿತು. ತನ್ನ ಬದುಕು ಎಲ್ಲಿ ನಡೆಯಬೇಕೆಂದು ಹೇಳುವ ಹಕ್ಕು ಬುದ್ಧಿಮಾಂದ್ಯವಿರುವ ವ್ಯಕ್ತಿಗೂ ಇದೆಯೆಂಬುದು ದೂರು ಪ್ರಕ್ರಿಯೆಯ ಮೂಲಕ ಸ್ಥಾಪಿತವಾದದ್ದು ಸಣ್ಣ ಸಂಗತಿಯಲ್ಲ.

ಆದರೆ ಈ ಮೂರು ಹಂತಗಳನ್ನು ಹತ್ತುವುದು ಆರೋಗ್ಯವಂತರಿಗೇ ದಣಿವಿನ ಕೆಲಸ. ತೊಂಬತ್ತರ ಅಂಚಿನಲ್ಲಿರುವವರಿಗೆ ಒಂದೊಂದು ತಿಂಗಳೂ ಆಯುಷ್ಯದ ದೊಡ್ಡ ಪಾಲು. ತೀರ್ಪು ಬರುವಷ್ಟರಲ್ಲಿ ದೂರುದಾರರೇ ಇಲ್ಲವಾಗುವ ಸಂಭವ ಈ ಕ್ಷೇತ್ರದಲ್ಲಿ ಸದಾ ಇದ್ದದ್ದೇ.

2009ರ ನಿಯಮಗಳು

ಈಗ ಜಾರಿಯಲ್ಲಿರುವ ವ್ಯವಸ್ಥೆ 2009ರ ಏಪ್ರಿಲ್ 1ರಂದು ಆರಂಭವಾಯಿತು. ಕೌನ್ಸಿಲ್‌ನ ಸಮಾಜಸೇವೆಗೂ ಎನ್‌ಎಚ್‌ಎಸ್‌ಗೂ ಒಂದೇ ನಿಯಮಾವಳಿ. ಪರಿಶೀಲನಾ ಸಮಿತಿ ರದ್ದಾಯಿತು. ಒಂದೇ ಸಲದ ತನಿಖೆ, ಉತ್ತರ ಒಪ್ಪದಿದ್ದರೆ ನೇರ ಒಂಬುಡ್ಸ್‌ಮನ್ ಬಳಿಗೆ.

ದೂರನ್ನು ಬಾಯಲ್ಲಿ ಹೇಳಬಹುದು, ಬರೆದು ಕೊಡಬಹುದು, ಇಮೇಲ್ ಮಾಡಬಹುದು. ಬಾಯಲ್ಲಿ ಹೇಳಿದ್ದನ್ನು ಸಂಸ್ಥೆಯೇ ಬರೆದುಕೊಂಡು ಅದರ ಪ್ರತಿಯನ್ನು ದೂರುದಾರರಿಗೆ ಕೊಡಬೇಕು. ನಿಯಮಾವಳಿಯಲ್ಲಿ ಅತ್ಯಂತ ಮಾನವೀಯವಾದ ಅಂಶ ಇದು, ಏಕೆಂದರೆ ಬರೆಯುವ ಭಾರ ಕೈ ನಡುಗುವವರ ಮೇಲಿಂದ ಇಳಿದು ಸಂಸ್ಥೆಯ ಮೇಲೆ ಬಿತ್ತು. ಕೆಲಸದ ಮೂರು ದಿನಗಳೊಳಗೆ ದೂರು ತಲುಪಿದೆಯೆಂದು ತಿಳಿಸಬೇಕು. ಹೇಗೆ ವಿಚಾರಿಸುತ್ತೇವೆ, ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ದೂರುದಾರರ ಜೊತೆ ಕೂತು ಮಾತಾಡಲು ಮುಂದೆ ಬರಬೇಕು. ಘಟನೆ ನಡೆದು, ಅಥವಾ ಅದು ಗಮನಕ್ಕೆ ಬಂದು, 12 ತಿಂಗಳೊಳಗೆ ದೂರು ಸಲ್ಲಬೇಕು. ತಡವಾಗಿದ್ದಕ್ಕೆ ಒಪ್ಪುವಂಥ ಕಾರಣವಿದ್ದು, ಈಗಲೂ ಸರಿಯಾಗಿ ತನಿಖೆ ಮಾಡಲು ಸಾಧ್ಯವಿದ್ದರೆ ಈ ಗಡುವನ್ನು ಸಡಿಲಿಸಬಹುದು. ಆರು ತಿಂಗಳಲ್ಲಿ ಉತ್ತರ ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಸಂಸ್ಥೆ ಬರೆದು ತಿಳಿಸಬೇಕು. ಕೊನೆಯ ಉತ್ತರದಲ್ಲಿ ಒಂಬುಡ್ಸ್‌ಮನ್ ಬಳಿ ಹೋಗುವ ಹಕ್ಕನ್ನು ಹೇಳಲೇಬೇಕು. ಬಾಯಲ್ಲಿ ಹೇಳಿ, ಮುಂದಿನ ಕೆಲಸದ ದಿನದೊಳಗೆ ಬಗೆಹರಿದ ತಕರಾರು ಈ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ಆರೈಕೆಯಲ್ಲಿ ಎನ್‌ಎಚ್‌ಎಸ್ ಮತ್ತು ಕೌನ್ಸಿಲ್ ಎರಡೂ ಸೇರಿದ್ದರೆ ದೂರುದಾರರನ್ನು ಅತ್ತಿಂದಿತ್ತ ಅಲೆದಾಡಿಸದೆ ಎರಡೂ ಕೂಡಿ ಒಂದೇ ಉತ್ತರ ಕೊಡಲು ಸಹಕರಿಸಬೇಕು.

ಸ್ವತಃ ದೂರಲಾರದವರ ಪರವಾಗಿ ಯಾರು ಮಾತಾಡಬಹುದು ಎಂಬುದು ಸೂಕ್ಷ್ಮ ವಿಷಯ. ವ್ಯಕ್ತಿ ಒಪ್ಪಿದರೆ ಯಾರನ್ನು ಬೇಕಾದರೂ ಪ್ರತಿನಿಧಿಯಾಗಿಸಬಹುದು. ದೈಹಿಕ ಅಶಕ್ತತೆಯಿಂದಲೋ, 2005ರ ಮಾನಸಿಕ ಸಾಮರ್ಥ್ಯ ಕಾಯಿದೆಯ ಅರ್ಥದಲ್ಲಿ ತೀರ್ಮಾನ ಮಾಡುವ ಸಾಮರ್ಥ್ಯ ಇಲ್ಲದ್ದರಿಂದಲೋ ಒಪ್ಪಿಗೆ ಕೊಡಲಾಗದಿದ್ದರೆ ಮಗಳೋ ಗೆಳೆಯನೋ ದೂರು ಕೊಡಬಹುದು. ಆದರೆ ಸಾಮರ್ಥ್ಯವಿಲ್ಲದವರ ಪರವಾಗಿ ಬಂದವರು ನಿಜಕ್ಕೂ ಅವರ ಹಿತಕ್ಕಾಗಿಯೇ ದೂರುತ್ತಿದ್ದಾರೆಂದು ಸಂಸ್ಥೆಗೆ ಮನವರಿಕೆಯಾಗಬೇಕು, ಆಗದಿದ್ದರೆ ಕಾರಣವನ್ನು ಬರೆದು ಕೊಡಬೇಕು. ಆಸ್ತಿಯ ಮೇಲೆ ಕಣ್ಣಿಟ್ಟ ನೆಂಟರಿಂದ ವೃದ್ಧರನ್ನು ಕಾಪಾಡಲು ಈ ಎಚ್ಚರ ಬೇಕು. ಅದೇ ಹೊತ್ತಿಗೆ ಕಿರಿಕಿರಿಯ ಮಗನನ್ನು ಹೊರಗಿಡಲು ಸಂಸ್ಥೆಗೆ ಸಿಕ್ಕ ಕೀಲಿಯೂ ಇದಾಗಬಹುದು. ಎರಡನ್ನೂ ತೂಗಿ ನೋಡುವ ಕೆಲಸ ದೂರಿಗೆ ಗುರಿಯಾದ ಸಂಸ್ಥೆಯ ಕೈಯಲ್ಲೇ ಇರುವುದು ಈ ನಿಯಮದ ದೌರ್ಬಲ್ಯ.

ಇನ್ನೊಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ಎನ್‌ಎಚ್‌ಎಸ್ ಮೇಲೆ ದೂರು ಕೊಡುವವರಿಗೆ ನೆರವಾಗಲು ಸ್ವತಂತ್ರ ಸಹಾಯಕರನ್ನು ಉಚಿತವಾಗಿ ಒದಗಿಸುವುದು ಕಾನೂನಿನ ಕಡ್ಡಾಯ. ಸಾಮಾಜಿಕ ಆರೈಕೆಯಲ್ಲಿ 2014ರ ಕೇರ್ ಕಾಯಿದೆ ಅಂಥ ಸಹಾಯಕರನ್ನು ಅಗತ್ಯಗಳ ಮೌಲ್ಯಮಾಪನ, ಆರೈಕೆ ಯೋಜನೆ, ದೌರ್ಜನ್ಯದ ವಿಚಾರಣೆ ಇಂಥ ಸಂದರ್ಭಗಳಿಗೆ ಕೊಟ್ಟಿದೆ. ದೂರು ಕೊಡುವುದಕ್ಕೆ ಮಾತ್ರ ಕೊಟ್ಟಿಲ್ಲ. ನಿಯಮಾವಳಿ ಒಂದೇ, ದೂರುವ ವ್ಯಕ್ತಿಯೂ ಒಬ್ಬನೇ ಇರಬಹುದು. ಆದರೂ ಆಸ್ಪತ್ರೆಯ ಮೇಲೆ ದೂರುವಾಗ ಜೊತೆಗಾರ ಸಿಗುತ್ತಾನೆ, ಕೇರ್ ಹೋಮಿನ ಮೇಲೆ ದೂರುವಾಗ ಸಿಗುವ ಖಾತ್ರಿ ಇಲ್ಲ. ಇದಕ್ಕೆ ಸಮರ್ಥನೆ ಕಾಣುವುದಿಲ್ಲ.

ಸ್ವಂತ ಹಣ ಕಟ್ಟುವವರು

ಬಹಳ ಕಾಲ ಕೇರ್ ಹೋಮಿನ ಖರ್ಚನ್ನು ತಾವೇ ಕೊಡುವವರಿಗೆ ಸ್ವತಂತ್ರ ತನಿಖೆಯ ದಾರಿಯೇ ಇರಲಿಲ್ಲ. ಕೌನ್ಸಿಲ್ ಕಳುಹಿಸಿದವರು ಒಂಬುಡ್ಸ್‌ಮನ್ ಬಳಿ ಹೋಗಬಹುದಿತ್ತು. ಪಕ್ಕದ ಕೋಣೆಯಲ್ಲಿ ಉಳಿತಾಯ ಕರಗಿಸಿ ಹಣ ಕಟ್ಟುತ್ತಿದ್ದವರಿಗೆ ಅದೇ ಬಾಗಿಲು ಮುಚ್ಚಿತ್ತು. 2009ರ ಆರೋಗ್ಯ ಕಾಯಿದೆ ಇದನ್ನು ಸರಿಪಡಿಸಿತು. 2010ರ ಅಕ್ಟೋಬರ್ 1ರಿಂದ ಖಾಸಗಿಯಾಗಿ ಏರ್ಪಡಿಸಿಕೊಂಡ ಆರೈಕೆಯೂ ಸ್ಥಳೀಯ ಒಂಬುಡ್ಸ್‌ಮನ್ ವ್ಯಾಪ್ತಿಗೆ ಬಂತು. 2017ರಲ್ಲಿ ಸಂಸ್ಥೆಯ ಹೆಸರಿಗೇ ‘ಸೋಷಿಯಲ್ ಕೇರ್’ ಎಂಬುದು ಸೇರಿಕೊಂಡಿತು.

ಖಾಸಗಿ ಹೋಮಿನ ವಿರುದ್ಧ ಮಾನವ ಹಕ್ಕುಗಳ ಕಾಯಿದೆಯನ್ನು ಬಳಸಬಹುದೇ ಎಂಬ ಪ್ರಶ್ನೆ 2007ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದಿತ್ತು. ಆಲ್ಜೈಮರ್ ಇದ್ದ 84 ವರ್ಷದ ಮಹಿಳೆಯನ್ನು ಬರ್ಮಿಂಗ್‌ಹ್ಯಾಂ ಕೌನ್ಸಿಲ್ ಖಾಸಗಿ ಕಂಪನಿಯ ಹೋಮಿನಲ್ಲಿ ಇರಿಸಿತ್ತು. ನೋಡಲು ಬರುವ ಮನೆಯವರ ನಡವಳಿಕೆ ಸರಿಯಿಲ್ಲವೆಂದು ಕಂಪನಿ ಆಕೆಯನ್ನೇ ಹೊರಡಿಸಲು ಮುಂದಾಯಿತು. ಐವರು ನ್ಯಾಯಮೂರ್ತಿಗಳಲ್ಲಿ ಮೂವರು, ಖಾಸಗಿ ಹೋಮ್ ಮಾಡುವುದು ಸಾರ್ವಜನಿಕ ಕಾರ್ಯವಲ್ಲ, ಆದ್ದರಿಂದ ಆ ಕಾಯಿದೆ ಅದಕ್ಕೆ ಅನ್ವಯಿಸದು ಎಂದರು. ಸಂಸತ್ತು ಮರುವರ್ಷವೇ ಕಾನೂನು ಮಾಡಿ ಕೌನ್ಸಿಲ್ ಕಳುಹಿಸಿದವರ ಮಟ್ಟಿಗೆ ಈ ತೀರ್ಪಿನ ಪರಿಣಾಮವನ್ನು ತೊಡೆದುಹಾಕಿತು. ಸ್ವಂತ ಹಣದವರಿಗೆ ಆ ರಕ್ಷಣೆ ಇಂದಿಗೂ ಸಿಕ್ಕಿಲ್ಲ.

ಒಂಬುಡ್ಸ್‌ಮನ್ ಕೆಲಸ ಮಾಡುವ ಬಗೆ

ಸೇವೆ ಉಚಿತ, ವಕೀಲರು ಬೇಕಿಲ್ಲ. ಮೊದಲು ಕೌನ್ಸಿಲ್‌ಗೋ ಕಂಪನಿಗೋ ದೂರು ಕೊಟ್ಟು ಉತ್ತರ ಪಡೆದಿರಬೇಕು. ಒಂಬುಡ್ಸ್‌ಮನ್ ಕಡತ ತರಿಸಿಕೊಳ್ಳಬಹುದು, ಸಾಕ್ಷಿಗಳನ್ನು ಕರೆಸಬಹುದು, ಈ ವಿಷಯದಲ್ಲಿ ಹೈಕೋರ್ಟಿಗಿರುವಂಥ ಅಧಿಕಾರ ಅವರಿಗಿದೆ. ಆದರೆ ಅವರು ನೋಡುವುದು ತೀರ್ಮಾನ ಸರಿಯೇ ಎಂಬುದನ್ನಲ್ಲ, ತೀರ್ಮಾನಕ್ಕೆ ಬಂದ ಕ್ರಮ ಸರಿಯೇ ಎಂಬುದನ್ನು. ವಾರಕ್ಕೆ ಹತ್ತು ಗಂಟೆಯ ನೆರವು ಸಾಕು ಎಂದು ಸಮಾಜ ಕಾರ್ಯಕರ್ತೆ ಕ್ರಮಬದ್ಧವಾಗಿ ನಿರ್ಧರಿಸಿದ್ದರೆ, ಅದು ಇಪ್ಪತ್ತಾಗಬೇಕಿತ್ತು ಎಂದು ಅವರು ಹೇಳುವಂತಿಲ್ಲ. ಮಗಳ ಮಾತನ್ನು ದಾಖಲಿಸದೆ, ವೈದ್ಯರ ವರದಿ ನೋಡದೆ ನಿರ್ಧರಿಸಿದ್ದರೆ ಮಾತ್ರ ಲೋಪ ಸಿದ್ಧವಾಗುತ್ತದೆ.

ಒಂದು ನಿಯಮ ಇಲ್ಲಿ ಬಹಳ ಉಪಯೋಗಕ್ಕೆ ಬಂದಿದೆ. ಕೌನ್ಸಿಲ್ ಪರವಾಗಿ ಖಾಸಗಿ ಕಂಪನಿ ಮಾಡಿದ್ದೆಲ್ಲ ಕೌನ್ಸಿಲ್ ಮಾಡಿದಂತೆಯೇ. ಮನೆಗೆ ಬಂದು ಆರೈಕೆ ಮಾಡುವ ಕಂಪನಿಯ ನೌಕರಳು ಅರ್ಧ ಗಂಟೆ ಇರಬೇಕಾದಲ್ಲಿ ಹತ್ತೇ ನಿಮಿಷ ಇದ್ದು ಹೋದಳೆಂದರೆ ‘ಕಂಪನಿಯನ್ನು ಕೇಳಿ’ ಎಂದು ಕೌನ್ಸಿಲ್ ಕೈತೊಳೆದುಕೊಳ್ಳುವಂತಿಲ್ಲ. ಬರುವ ದೂರುಗಳೂ ಹೆಚ್ಚಾಗಿ ಇಂಥವೇ. ಬಾರದ ಅಥವಾ ಅವಸರದ ಭೇಟಿಗಳು, ತಪ್ಪಿದ ಮಾತ್ರೆಗಳು, ತಿಂಗಳುಗಟ್ಟಲೆ ತಡವಾದ ಮೌಲ್ಯಮಾಪನ, ಮೊದಲೇ ಹೇಳದೆ ಕಳುಹಿಸಿದ ಬಿಲ್ಲು. ಕೇರ್ ಹೋಮಿನ ದರಕ್ಕೂ ಕೌನ್ಸಿಲ್ ಕೊಡುವ ಮೊತ್ತಕ್ಕೂ ನಡುವಿನ ವ್ಯತ್ಯಾಸವನ್ನು ಮನೆಯವರಿಂದ ವಸೂಲು ಮಾಡುವ ‘ಟಾಪ್‌ಅಪ್’ ಶುಲ್ಕದ ಬಗ್ಗೆ ಮತ್ತೆ ಮತ್ತೆ ತಕರಾರು ಬರುತ್ತದೆ. ಹೆಚ್ಚುವರಿ ಹಣವಿಲ್ಲದೆ ಸೇರಬಹುದಾದ ಒಂದು ಹೋಮನ್ನಾದರೂ ಕೌನ್ಸಿಲ್ ತೋರಿಸಲೇಬೇಕು ಎಂಬುದು ನಿಯಮ. ಅವಸರದಲ್ಲಿ, ಆಸ್ಪತ್ರೆಯ ಹಾಸಿಗೆ ಖಾಲಿ ಮಾಡಬೇಕಾದ ಒತ್ತಡದಲ್ಲಿ ಇದನ್ನು ಹೇಳದೆ ಮನೆಯವರಿಂದ ಸಹಿ ಹಾಕಿಸಿಕೊಂಡ ಪ್ರಕರಣಗಳಲ್ಲಿ ಹಣ ಹಿಂದಿರುಗಿಸುವಂತೆ ಒಂಬುಡ್ಸ್‌ಮನ್ ಹೇಳಿದ್ದಾರೆ.

ವಿವರವಾಗಿ ತನಿಖೆಯಾದ ವಯಸ್ಕರ ಆರೈಕೆಯ ದೂರುಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಮೂರರಲ್ಲಿ ಎರಡಕ್ಕಿಂತ ಹೆಚ್ಚಿನವು ನಿಜವೆಂದು ಸಾಬೀತಾಗಿವೆ. ದೂರುವವರು ತಕರಾರು ಸ್ವಭಾವದವರು ಎಂಬ ಪೂರ್ವಗ್ರಹಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಪರಿಹಾರವಾಗಿ ಕ್ಷಮೆ ಕೇಳಲು, ಮರುಮೌಲ್ಯಮಾಪನ ಮಾಡಲು, ಸಿಬ್ಬಂದಿಗೆ ತರಬೇತಿ ಕೊಡಲು ಹೇಳುತ್ತಾರೆ. ಮನೋವ್ಯಥೆಗೆ ಕೊಡಿಸುವ ಹಣ ಸಾಮಾನ್ಯವಾಗಿ ನೂರರ ಲೆಕ್ಕದ ಪೌಂಡುಗಳಷ್ಟೇ. ತಾಯಿಯ ಕೊನೆಯ ತಿಂಗಳುಗಳು ನರಕವಾದವೆಂದು ನೊಂದ ಮಗಳಿಗೆ ಆ ಮೊತ್ತ ಅವಮಾನದಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಇಂಥವರಲ್ಲಿ ಹಣಕ್ಕಾಗಿ ಬಂದವರು ಕಡಿಮೆ. ಏನಾಯಿತೆಂದು ಯಾರಾದರೂ ನಿಜ ಹೇಳಲಿ, ಇನ್ನೊಬ್ಬರಿಗೆ ಹೀಗಾಗದಿರಲಿ ಎಂಬುದೇ ಅವರ ಬೇಡಿಕೆ. ಶಿಫಾರಸುಗಳು ಕಾನೂನಿನಂತೆ ಬದ್ಧವಲ್ಲದಿದ್ದರೂ ಬಹುತೇಕ ಯಾವಾಗಲೂ ಪಾಲನೆಯಾಗುತ್ತವೆ. ಪಾಲಿಸದ ಖಾಸಗಿ ಸಂಸ್ಥೆ ತನ್ನ ತಪ್ಪಿನ ಪ್ರಕಟಣೆಯನ್ನು ಹೊರಡಿಸುವಂತೆ ಮಾಡುವ ಅಧಿಕಾರವಿದೆ. ದೂರುದಾರರ ಹೆಸರು ಮರೆಮಾಡಿ ನಿರ್ಣಯಗಳನ್ನು ಪ್ರಕಟಿಸುವ ಪದ್ಧತಿಯಿಂದಾಗಿ ಯಾವ ಕೌನ್ಸಿಲ್‌ನಲ್ಲಿ ಯಾವ ತಪ್ಪು ಮರುಕಳಿಸುತ್ತಿದೆ ಎಂಬುದನ್ನು ಯಾರು ಬೇಕಾದರೂ ಓದಿ ತಿಳಿಯಬಹುದು.

ತಪಾಸಣೆ ಮತ್ತು ರಕ್ಷಣೆ

ದೂರು ವ್ಯವಸ್ಥೆಯ ಪಕ್ಕದಲ್ಲೇ ಇನ್ನೆರಡು ವ್ಯವಸ್ಥೆಗಳಿವೆ, ಜನ ಇವುಗಳ ನಡುವೆ ಗೊಂದಲಗೊಳ್ಳುತ್ತಾರೆ. 2009ರಿಂದ ಕೇರ್ ಕ್ವಾಲಿಟಿ ಕಮಿಷನ್ ಎಲ್ಲ ಕೇರ್ ಹೋಮ್‌ಗಳನ್ನು ನೋಂದಾಯಿಸಿ ತಪಾಸಣೆ ಮಾಡುತ್ತದೆ. ಪ್ರತಿ ಹೋಮಿಗೂ ದೂರು ಪಡೆದು ಕ್ರಮ ಕೈಗೊಳ್ಳುವ ಏರ್ಪಾಡು ಇರಲೇಬೇಕೆಂಬುದು ನೋಂದಣಿಯ ಷರತ್ತು. ಆದರೆ ಮಾನಸಿಕ ಆರೋಗ್ಯ ಕಾಯಿದೆಯಡಿ ಇರಿಸಿಕೊಂಡವರ ವಿಷಯ ಬಿಟ್ಟರೆ ಒಬ್ಬೊಬ್ಬರ ದೂರನ್ನು ಕಮಿಷನ್ ತನಿಖೆ ಮಾಡುವುದಿಲ್ಲ. ಅದಕ್ಕೆ ಪತ್ರ ಬರೆದು ಪರಿಹಾರಕ್ಕೆ ಕಾದವರು ನಿರಾಶರಾಗುತ್ತಾರೆ. ಇನ್ನೊಂದು, ಕೇರ್ ಕಾಯಿದೆಯ 42ನೇ ಕಲಮಿನ ರಕ್ಷಣಾ ವಿಚಾರಣೆ. ಆರೈಕೆಯ ಅಗತ್ಯವಿರುವ ವಯಸ್ಕರ ಮೇಲೆ ಹಲ್ಲೆ, ನಿರ್ಲಕ್ಷ್ಯ, ಹಣದ ಶೋಷಣೆ ನಡೆಯುತ್ತಿದೆಯೆಂಬ ಶಂಕೆ ಬಂದು, ಅವರು ತಮ್ಮನ್ನು ತಾವು ಕಾಪಾಡಿಕೊಳ್ಳಲಾರದ ಸ್ಥಿತಿಯಲ್ಲಿದ್ದರೆ ಕೌನ್ಸಿಲ್ ವಿಚಾರಿಸಲೇಬೇಕು. ಇದಕ್ಕೆ ಯಾರೂ ದೂರು ಕೊಡಬೇಕಿಲ್ಲ, ಸುಳಿವು ಸಿಕ್ಕರೆ ಸಾಕು.

ದೂರು, ತಪಾಸಣೆ, ರಕ್ಷಣೆ ಮೂರೂ ಒಟ್ಟಿಗೆ ಕುಸಿದ ಪ್ರಕರಣ ವಿಂಟರ್‌ಬೋರ್ನ್ ವ್ಯೂ. ಬ್ರಿಸ್ಟಲ್ ಬಳಿ ಕಾಸಲ್‌ಬೆಕ್ ಕಂಪನಿ ನಡೆಸುತ್ತಿದ್ದ, ಬುದ್ಧಿಮಾಂದ್ಯವಿರುವವರ 24 ಹಾಸಿಗೆಗಳ ಖಾಸಗಿ ಆಸ್ಪತ್ರೆ ಅದು. ಒಬ್ಬ ರೋಗಿಗೆ ವಾರಕ್ಕೆ ಸರಾಸರಿ 3,500 ಪೌಂಡು ಸಾರ್ವಜನಿಕ ಹಣ ಸಂದಾಯವಾಗುತ್ತಿತ್ತು. ಅಲ್ಲಿನ ಹಿರಿಯ ನರ್ಸ್ ಟೆರ್ರಿ ಬ್ರಯಾನ್ 2010ರಲ್ಲಿ ಸಹೋದ್ಯೋಗಿಗಳ ಕ್ರೌರ್ಯದ ಬಗ್ಗೆ ಆಡಳಿತಕ್ಕೂ ಬಳಿಕ ಕಮಿಷನ್‌ಗೂ ಬರೆದರು. ಏನೂ ಆಗಲಿಲ್ಲ. ಕೊನೆಗೆ ಅವರು ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮದವರನ್ನು ಕಂಡರು. ವರದಿಗಾರನೊಬ್ಬ ನೌಕರನಾಗಿ ಸೇರಿ ಗುಪ್ತ ಕ್ಯಾಮೆರಾದಲ್ಲಿ ಹಿಡಿದ ದೃಶ್ಯಗಳು 2011ರ ಮೇ 31ರಂದು ಪ್ರಸಾರವಾದವು. ರೋಗಿಗಳನ್ನು ನೆಲಕ್ಕೆ ಕೆಡವಿ ಕುರ್ಚಿಯಡಿ ಒತ್ತುವುದು, ಹೊಡೆಯುವುದು, ಬಟ್ಟೆಸಮೇತ ಶವರಿನಡಿ ನಿಲ್ಲಿಸುವುದು, ಚಳಿಯಲ್ಲಿ ಹೊರಗೆ ನೀರು ಸುರಿಯುವುದು ಇವನ್ನೆಲ್ಲ ದೇಶ ನೋಡಿತು. ಹನ್ನೊಂದು ನೌಕರರು ತಪ್ಪೊಪ್ಪಿಕೊಂಡರು, 2012ರ ಅಕ್ಟೋಬರಿನಲ್ಲಿ ಆರು ಮಂದಿಗೆ ಜೈಲಾಯಿತು.

ಮಾರ್ಗರೆಟ್ ಫ್ಲಿನ್ 2012ರಲ್ಲಿ ಬರೆದ ಪರಿಶೀಲನಾ ವರದಿ ಈ ವಿಷಯದ ಮೇಲಿನ ಅತ್ಯಂತ ಮುಖ್ಯ ದಾಖಲೆಗಳಲ್ಲಿ ಒಂದು. ಕೌನ್ಸಿಲ್‌ಗೆ ಆ ಒಂದು ಆಸ್ಪತ್ರೆಯಿಂದ 40 ರಕ್ಷಣಾ ಸೂಚನೆಗಳು ಬಂದಿದ್ದವು, ಪೊಲೀಸರಿಗೂ ಹಲವು ಕರೆಗಳು ಹೋಗಿದ್ದವು, ರೋಗಿಗಳು ಗಾಯಗೊಂಡು ತುರ್ತು ಚಿಕಿತ್ಸೆಗೆ ಪದೇಪದೇ ಹೋಗಿದ್ದರು. ಪ್ರತಿಯೊಂದನ್ನೂ ಬಿಡಿ ಘಟನೆಯೆಂದು ಬಗೆದು ಮುಚ್ಚಲಾಯಿತು, ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡಿದವರಿಲ್ಲ. ರೋಗಿಗಳು ಸ್ವತಃ ಹೇಳಿದ್ದರು, ಅವರ ಮಾತನ್ನು ನಂಬಲಿಲ್ಲ. ಮನೆಯವರನ್ನು ವಾರ್ಡಿನೊಳಗೆ ಬಿಡದೆ ಅತಿಥಿ ಕೋಣೆಯಲ್ಲೇ ಭೇಟಿ ಮಾಡಿಸಲಾಗುತ್ತಿತ್ತು. ದೂರುಗಳಿಗೆ ಕೊರತೆ ಇರಲಿಲ್ಲ, ಕೇಳುವವರ ಕೊರತೆಯಿತ್ತು. ಎಲಿ ಆಸ್ಪತ್ರೆಯ ಕಾಲದಿಂದ ನಾಲ್ಕು ದಶಕ ಕಳೆದ ಮೇಲೂ ಸತ್ಯ ಹೊರಬಿದ್ದದ್ದು ಮಾಧ್ಯಮದ ಮೂಲಕವೇ ಎಂಬುದನ್ನು ಈ ಕ್ಷೇತ್ರದ ಯಾವ ಅಧಿಕಾರಿಯೂ ಮರೆಯಬಾರದು.

ಪ್ರತೀಕಾರದ ಭಯ

ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ 2017ರಲ್ಲಿ ಕೇರ್ ಹೋಮ್ ಉದ್ಯಮದ ಅಧ್ಯಯನ ನಡೆಸಿತು. ಆಗ ದೇಶದಲ್ಲಿ ವೃದ್ಧರ 11,300 ಹೋಮ್‌ಗಳಿದ್ದವು, ಅವುಗಳಲ್ಲಿ 4,10,000 ಮಂದಿ ಇದ್ದರು. ವರ್ಷದ ವಹಿವಾಟು 1,590 ಕೋಟಿ ಪೌಂಡು. ಇಷ್ಟು ದೊಡ್ಡ ಮಾರುಕಟ್ಟೆಯಲ್ಲಿ ಗ್ರಾಹಕರು ದೂರಲು ಹೆದರುತ್ತಾರೆ, ಬೇರೆಡೆಗೆ ಹೋಗುವುದೂ ಅವರಿಗೆ ಕಷ್ಟ ಎಂಬುದು ಅಧ್ಯಯನದ ಮುಖ್ಯ ಅಂಶಗಳಲ್ಲೊಂದು. ಭಯಕ್ಕೆ ಕಾರಣವಿದೆ. ಒಪ್ಪಂದದ ಪ್ರಕಾರ ಕೆಲವೇ ವಾರಗಳ ನೋಟಿಸು ಕೊಟ್ಟು ಹೋಮ್ ಬಿಡಿಸಬಹುದು. ತೀರಾ ವಯಸ್ಸಾದವರಿಗೆ ಸ್ಥಳ ಬದಲಾವಣೆಯೇ ಆಘಾತ. ದೂರು ಕೊಟ್ಟ ಮಕ್ಕಳು ಹೋಮಿನೊಳಗೆ ಬರದಂತೆ ತಡೆದ ಪ್ರಕರಣಗಳು 2016ರ ಸುಮಾರಿಗೆ ಬೆಳಕಿಗೆ ಬಂದಾಗ ಕಮಿಷನ್ ಎಚ್ಚರಿಕೆಯ ಸೂಚನೆ ಹೊರಡಿಸಿತು. ಕೋವಿಡ್ ಕಾಲದಲ್ಲಿ ಬಾಗಿಲುಗಳು ಪೂರ್ತಿ ಮುಚ್ಚಿದ ನೋವು ಇದಕ್ಕೆ ಸೇರಿಕೊಂಡು, ಅಸಾಧಾರಣ ಕಾರಣವಿಲ್ಲದೆ ಭೇಟಿಯನ್ನು ನಿಲ್ಲಿಸುವಂತಿಲ್ಲವೆಂಬ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ದೂರಿನ ನಿಯಮಾವಳಿಯಲ್ಲಿ ಇದರ ಹೆಸರೇ ಇಲ್ಲದಿದ್ದರೂ ದೂರುದಾರರಿಗೆ ಸಿಕ್ಕ ನಿಜವಾದ ಬಲ ಇದೇ. ಒಳಗೆ ಬಂದು ಕಣ್ಣಾರೆ ನೋಡುವವರಿದ್ದರೆ ತಾನೇ ದೂರು ಹುಟ್ಟುವುದು?

ಹೆದರುವವರು ಆರೈಕೆ ಪಡೆಯುವವರಷ್ಟೇ ಅಲ್ಲ, ಆರೈಕೆ ಮಾಡುವವರೂ ಹೌದು. 1998ರ ಕಾಯಿದೆಯೊಂದು ಸಾರ್ವಜನಿಕ ಹಿತಕ್ಕಾಗಿ ಸತ್ಯ ಹೊರಹಾಕಿದ ನೌಕರರನ್ನು ವಜಾದಿಂದ ರಕ್ಷಿಸುತ್ತದೆ. ಆದರೆ ಇಂದು ಬ್ರಿಟನ್ನಿನ ಕೇರ್ ಹೋಮ್‌ಗಳಲ್ಲಿ ಭಾರತ, ನೈಜೀರಿಯಾ, ಜಿಂಬಾಬ್ವೆ, ಫಿಲಿಪೀನ್ಸ್‌ಗಳಿಂದ ಹೋದವರು ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಿದ್ದಾರೆ. ಮಂಗಳೂರು, ಬೆಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರೂ ಅವರಲ್ಲಿದ್ದಾರೆ. 2022ರ ಫೆಬ್ರುವರಿಯಲ್ಲಿ ಕೇರ್ ನೌಕರರಿಗೆ ತೆರೆದ ವೀಸಾ ದಾರಿ ಅವರನ್ನು ಒಬ್ಬ ಮಾಲೀಕನಿಗೆ ಕಟ್ಟಿಹಾಕುವಂಥದ್ದು. ಆ ಮಾಲೀಕನ ಪರವಾನಗಿ ರದ್ದಾದರೆ ಸಾಮಾನ್ಯವಾಗಿ 60 ದಿನಗಳಲ್ಲಿ ಬೇರೆ ಪ್ರಾಯೋಜಕನನ್ನು ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. 2024ರ ಮಾರ್ಚ್‌ನಿಂದ ಹೊಸದಾಗಿ ಹೋಗುವವರು ಸಂಸಾರ ಕರೆದೊಯ್ಯುವಂತಿರಲಿಲ್ಲ, 2025ರ ಜುಲೈನಲ್ಲಿ ಹೊರದೇಶದಿಂದ ನೇಮಿಸುವ ದಾರಿಯೇ ಮುಚ್ಚಿತು. ತನ್ನ ಕಣ್ಣೆದುರಿನ ಅನ್ಯಾಯವನ್ನು ವರದಿ ಮಾಡಿದರೆ ತನ್ನ ವೀಸಾಕ್ಕೇ ಕುತ್ತು ಬರಬಹುದೆಂಬ ಸ್ಥಿತಿಯಲ್ಲಿ, ಸಾಲ ಮಾಡಿ ಬಂದ ಹುಡುಗಿ ಬಾಯಿ ಬಿಡುವುದು ಕಷ್ಟ. ಆರೈಕೆಯ ಕೋಣೆಯೊಳಗೆ ಸದಾ ಇರುವ ಸಾಕ್ಷಿ ಅವಳೊಬ್ಬಳೇ. ವಲಸೆ ನೀತಿ ಹೀಗೆ ದೂರು ನೀತಿಯ ಬುಡವನ್ನೇ ಸಡಿಲಿಸುತ್ತದೆ.

ಬ್ರಿಟನ್ನಿನ ಇತರ ಭಾಗಗಳು

ಸ್ಕಾಟ್ಲೆಂಡ್ 2017ರಲ್ಲಿ ಹಳೆಯ ಪರಿಶೀಲನಾ ಸಮಿತಿಗಳನ್ನು ರದ್ದುಮಾಡಿ, ಐದು ಮತ್ತು ಇಪ್ಪತ್ತು ಕೆಲಸದ ದಿನಗಳ ಎರಡು ಹಂತಗಳನ್ನು ತಂದಿತು. ವೇಲ್ಸ್ 2014ರಿಂದ ಹತ್ತು ಮತ್ತು ಇಪ್ಪತ್ತೈದು ಕೆಲಸದ ದಿನಗಳ ಎರಡು ಹಂತಗಳನ್ನು ಅನುಸರಿಸುತ್ತಿದೆ. ಇವುಗಳ ಮುಂದೆ ಇಂಗ್ಲೆಂಡಿನ ಆರು ತಿಂಗಳು ಬಹಳ ದೀರ್ಘ. ಉತ್ತರ ಐರ್ಲೆಂಡಿನಲ್ಲಿ ಡನ್‌ಮರಿ ಮ್ಯಾನರ್ ಎಂಬ ಕೇರ್ ಹೋಮಿನ ಬಗ್ಗೆ ಅಲ್ಲಿನ ಹಿರಿಯ ನಾಗರಿಕರ ಕಮಿಷನರ್ 2018ರಲ್ಲಿ ಕೊಟ್ಟ ವರದಿ, ಮನೆಯವರ ದೂರುಗಳು ಹೇಗೆ ಕಚೇರಿಗಳ ನಡುವೆ ಕಳೆದುಹೋದವು ಎಂಬುದನ್ನು ವಿಸ್ತಾರವಾಗಿ ದಾಖಲಿಸಿದೆ.

ಉಳಿದಿರುವ ಪ್ರಶ್ನೆಗಳು

ಸ್ವಂತ ಹಣ ಕಟ್ಟುವವರಿಂದ ಒಂಬುಡ್ಸ್‌ಮನ್‌ಗೆ ಬರುವ ದೂರುಗಳು ಅವರ ಸಂಖ್ಯೆಗೆ ಹೋಲಿಸಿದರೆ ಬಹಳ ಕಡಿಮೆ. ಇಂಥ ದಾರಿ ಇದೆಯೆಂದೇ ಅನೇಕರಿಗೆ ಗೊತ್ತಿಲ್ಲ. ಪ್ರತಿ ಖಾಸಗಿ ಸಂಸ್ಥೆಯೂ ಇದನ್ನು ತಿಳಿಸುವುದನ್ನು ಕಡ್ಡಾಯ ಮಾಡಬೇಕೆಂದು ಒಂಬುಡ್ಸ್‌ಮನ್ ಸರ್ಕಾರವನ್ನು ಕೇಳುತ್ತಾ ಬಂದಿದ್ದಾರೆ. ಅಲ್ಲಿ ತಂದೆತಾಯಿಯರನ್ನು ಕೇರ್ ಹೋಮಿನಲ್ಲಿ ಇರಿಸಿರುವ ಕನ್ನಡ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ. ಮರೆವಿನ ರೋಗ ಬಲಿತಂತೆ ಕೆಲವರ ನಾಲಗೆಯಲ್ಲಿ ಇಂಗ್ಲಿಷ್ ಮರೆಯಾಗಿ ತಾಯ್ನುಡಿ ಮಾತ್ರ ಉಳಿಯುತ್ತದೆ. ಅಂಥವರ ಮಾತನ್ನು ಅರ್ಥಮಾಡಿಕೊಳ್ಳಲು ದುಭಾಷಿಯನ್ನು ಕೇಳಬಹುದು, ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಳ್ಳುವಂತೆ ಪಟ್ಟು ಹಿಡಿಯಬಹುದು.

ಎಲ್ಲಕ್ಕಿಂತ ದೊಡ್ಡ ಲೋಪ ಮೇಲ್ಮನವಿಯದು. ಎಷ್ಟು ನೆರವು ಕೊಡಬೇಕು, ಎಷ್ಟು ಹಣ ವಸೂಲು ಮಾಡಬೇಕು ಎಂದು ಕೌನ್ಸಿಲ್ ತೆಗೆದುಕೊಂಡ ತೀರ್ಮಾನವೇ ತಪ್ಪು ಎನ್ನುವವರಿಗೆ ದೂರು ವ್ಯವಸ್ಥೆಯಲ್ಲಿ ಪೂರ್ತಿ ಉತ್ತರವಿಲ್ಲ. ಒಂಬುಡ್ಸ್‌ಮನ್ ಕ್ರಮವನ್ನಷ್ಟೇ ನೋಡುತ್ತಾರೆ, ಹೈಕೋರ್ಟಿನ ಖರ್ಚನ್ನು ಸಾಮಾನ್ಯರು ತಾಳಲಾರರು. ತೀರ್ಮಾನದ ಒಳಹುರುಳನ್ನೇ ಮರುಪರಿಶೀಲಿಸುವ ಮೇಲ್ಮನವಿ ವ್ಯವಸ್ಥೆಯನ್ನು ನಿಯಮಗಳ ಮೂಲಕ ತರಲು ಕೇರ್ ಕಾಯಿದೆಯ 72ನೇ ಕಲಮು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಕಾಯಿದೆಗೆ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಅಂಥ ಮೇಲ್ಮನವಿ ವ್ಯವಸ್ಥೆ ಈವರೆಗೂ ಜಾರಿಗೆ ಬಂದಿಲ್ಲ.